ಹಸಿರು ವೈರ್ ಜನರೇಟರ್ ತನಕ ಬರಬೇಕು

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಭಾಗದಲ್ಲಿ ಬಯಲಾಟ, ಜಾತ್ರೆ, ಮದುವೆ ಚಪ್ಪರಗಳಿಗೆ ಲೈಟು, ಮೈಕು ಹಾಕುವವರ ಮುಂದೆ ಆಡಿದ ಮಾತಿನ ಬರಹ ರೂಪ)

ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಅಲ್ಲಿಂದ ಮೇ ತಿಂಗಳ ಕೊನೆಯ ಪತ್ತನಾಜೆಯ ತನಕ ನಮ್ಮ ಕಡೆ ರಾತ್ರಿ ಸುಮ್ಮನಿರುವುದೇ ಕಡಿಮೆ. ಬಯಲಾಟ, ನೇಮ, ಜಾತ್ರೆ, ಮದುವೆ, ಕೊಯ್ದ ಗದ್ದೆಯಲ್ಲಿ ವಾಲಿಬಾಲ್. ಇದೆಲ್ಲದರ ಹಿಂದೆ ಯಾವುದೋ ಮೂಲೆಯಲ್ಲಿ ಒಂದು ಜನರೇಟರ್ ಓಡುತ್ತಿರುತ್ತದೆ. ಅದನ್ನು ತಂದು ಇಳಿಸಿ, ವೈರ್ ಎಳೆದು, ದೀಪ ಹತ್ತಿಸುವವರು ನೀವು. ಆಟ ಚೆನ್ನಾಗಿ ಆಯಿತು ಎಂದು ಭಾಗವತರನ್ನು ಹೊಗಳುತ್ತಾರೆ, ವೇಷಧಾರಿಗಳನ್ನು ಹೊಗಳುತ್ತಾರೆ. ಯಾರಿಗೂ ಶಾಕ್ ಹೊಡೆಯಲಿಲ್ಲ ಎಂದು ನಿಮ್ಮನ್ನು ಹೊಗಳುವವರು ಯಾರೂ ಇಲ್ಲ. ಆದರೆ ಅಲ್ಲಿ ಕೂತ ಅಷ್ಟೂ ಜನರ ಜೀವ ನಿಮ್ಮ ಕೈಯಲ್ಲಿ ಇರುತ್ತದೆ. ಅದಕ್ಕಾಗಿಯೇ ಇವತ್ತು ಅರ್ತ್ ವೈರಿನ, ಅಂದರೆ ಹಸಿರು ವೈರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡುತ್ತೇನೆ.

ಅರ್ತ್ ಮಾಡಿದ್ದೀರಾ ಎಂದು ಕೇಳಿದರೆ ಹೆಚ್ಚಿನ ಕಡೆ ಒಂದು ಕಬ್ಬಿಣದ ಸರಳು ತೋರಿಸುತ್ತಾರೆ. ಜನರೇಟರ್ ಪಕ್ಕದಲ್ಲಿ ಒಂದು ಅಡಿ ಮಣ್ಣಿಗೆ ಹೊಡೆದಿರುತ್ತಾರೆ. ಅದರ ತಲೆಗೆ ವೈರ್ ಸುತ್ತಿರುತ್ತಾರೆ. ಕೇಳಿದರೆ, ಕರೆಂಟ್ ಲೀಕ್ ಆದರೆ ಮಣ್ಣು ಎಳೆದುಕೊಳ್ಳುತ್ತದೆ ಎನ್ನುತ್ತಾರೆ. ನಮ್ಮ ಕೆಲಸದಲ್ಲಿ ಇಷ್ಟು ಅಪಾಯದ ನಂಬಿಕೆ ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ. ಮಣ್ಣು ಕರೆಂಟನ್ನು ನುಂಗುವುದಿಲ್ಲ. ಕರೆಂಟ್ ಎಲ್ಲಿಂದ ಹೊರಟಿತೋ ಅಲ್ಲಿಗೇ ವಾಪಸ್ ಬರಬೇಕು. ಬರಲು ದಾರಿ ಇಲ್ಲದಿದ್ದರೆ ಅದು ಹೊರಡುವುದೇ ಇಲ್ಲ.

ಕಾಸರಗೋಡು, ಮಂಗಳೂರು ನಡುವೆ ಕೇರಳದ ಬಸ್ಸೂ ಓಡುತ್ತದೆ, ಕರ್ನಾಟಕದ ಬಸ್ಸೂ ಓಡುತ್ತದೆ. ರಸ್ತೆ ಒಂದೇ. ಆದರೆ ರಾತ್ರಿ ಅದರದ್ದು ಅದರ ಡಿಪೋಗೇ ಹೋಗಿ ನಿಲ್ಲುತ್ತದೆ, ಅಲ್ವಾ? ಕೆಎಸ್‌ಇಬಿ, ಅಂದರೆ ಕೇರಳ ವಿದ್ಯುತ್ ಮಂಡಳಿಯ ಕರೆಂಟಿನ ಡಿಪೋ ನಿಮ್ಮ ಊರಿನ ಟ್ರಾನ್ಸ್‌ಫಾರ್ಮರ್. ಜನರೇಟರ್ ಕರೆಂಟಿನ ಡಿಪೋ ಆ ಜನರೇಟರ್ ಒಳಗಿನ ತಂತಿಯ ಸುರುಳಿ, ಅಂದರೆ ವೈಂಡಿಂಗ್. ಇದೊಂದು ತಲೆಯಲ್ಲಿ ಕೂತರೆ ಉಳಿದದ್ದು ಕಷ್ಟ ಇಲ್ಲ.

ಕೆಎಸ್‌ಇಬಿ ಲೈನ್ ಮುಟ್ಟಿ ಮಣ್ಣಿನ ಮೇಲೆ ನಿಂತರೆ ಶಾಕ್ ಯಾಕೆ ಹೊಡೆಯುತ್ತದೆ? ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ಅದರ ನ್ಯೂಟ್ರಲನ್ನು, ಅಂದರೆ ಕರೆಂಟ್ ವಾಪಸ್ ಬರುವ ವೈರನ್ನು, ಮಣ್ಣಿಗೆ ಜೋಡಿಸಿರುತ್ತಾರೆ. ಕರೆಂಟ್ ಹೊರಡುವ ವೈರಾದ ಫೇಸ್‌ನಿಂದ ನಿಮ್ಮ ಕೈ, ಕೈಯಿಂದ ಕಾಲು, ಕಾಲಿನಿಂದ ಮಣ್ಣು, ಮಣ್ಣಿನಿಂದ ಟ್ರಾನ್ಸ್‌ಫಾರ್ಮರ್. ದಾರಿ ಪೂರ್ತಿಯಾಯಿತು.

ಇನ್ನು ನೀವು ಕೈಯಲ್ಲಿ ಎತ್ತಿ ಪಿಕಪ್‌ಗೆ ಹಾಕುವ 2 ಕೆವಿಎ, 3 ಕೆವಿಎ ಪೆಟ್ರೋಲ್ ಜನರೇಟರ್ ನೋಡಿ. ಅವುಗಳಲ್ಲಿ ಹೆಚ್ಚಿನವುಗಳ ನ್ಯೂಟ್ರಲ್ ಎಲ್ಲಿಗೂ ಜೋಡಿಸಿರುವುದಿಲ್ಲ. ಜನರೇಟರಿನ ಕಬ್ಬಿಣದ ಬಾಡಿಗೂ ಇಲ್ಲ, ಮಣ್ಣಿಗೂ ಇಲ್ಲ. ಎರಡು ವೈರ್ ಹೊರಗೆ ಬರುತ್ತವೆ, ಎರಡೂ ತೇಲುತ್ತಿರುತ್ತವೆ. ನಿಜ ಹೇಳಬೇಕೆಂದರೆ ಅಲ್ಲಿ ಫೇಸ್ ಯಾವುದು, ನ್ಯೂಟ್ರಲ್ ಯಾವುದು ಎಂಬ ಪ್ರಶ್ನೆಗೇ ಅರ್ಥ ಇಲ್ಲ. ಟೆಸ್ಟರ್ ಇಟ್ಟರೆ ಒಮ್ಮೊಮ್ಮೆ ಎರಡರಲ್ಲೂ ಮಂಕಾಗಿ ಉರಿಯುತ್ತದೆ, ಒಮ್ಮೊಮ್ಮೆ ಉರಿಯುವುದೇ ಇಲ್ಲ. ಹಾಗಾಗಿ ಜನರೇಟರ್ ಹತ್ತಿರ ಟೆಸ್ಟರ್ ನಂಬಿ ಕೈ ಹಾಕಬೇಡಿ.

ಇಂಥ ಜನರೇಟರಿನ ಒಂದು ವೈರ್ ಮುಟ್ಟಿ ಮಣ್ಣಿನ ಮೇಲೆ ನಿಂತರೆ ಏನೂ ಆಗದೇ ಇರಬಹುದು. ಮಣ್ಣಿನಿಂದ ವೈಂಡಿಂಗಿಗೆ ವಾಪಸ್ ಹೋಗಲು ದಾರಿ ಇಲ್ಲವಲ್ಲ. ಇದನ್ನು ಕಂಡವರೇ, ಜನರೇಟರ್ ಕರೆಂಟ್ ಶಾಕ್ ಹೊಡೆಯುವುದಿಲ್ಲ ಎಂದು ಹೇಳಿಕೊಂಡು ತಿರುಗುವುದು. ಅವರು ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಒಂದೇ ಜನರೇಟರ್, ಒಂದೇ ಚಿಕ್ಕ ವೈರ್, ತುದಿಯಲ್ಲಿ ಒಂದೇ ಡ್ರಿಲ್. ಅಷ್ಟೇ ಇದ್ದರೆ ತೇಲುವ ನ್ಯೂಟ್ರಲ್ ನಿಮ್ಮನ್ನು ಕಾಯುತ್ತದೆ. ಅಂಥ ಸಣ್ಣ ಕೆಲಸಕ್ಕೆ ಸರಳು ಹೊಡೆಯುವ ಅಗತ್ಯವೂ ಇಲ್ಲ. ಸಾಕೆಟ್ಟಿನ ಮೂರನೇ ಪಿನ್ ಜನರೇಟರ್ ಬಾಡಿಗೆ ಸರಿಯಾಗಿ ಸೇರಿದ್ದರೆ ಸಾಕು.

ಆದರೆ ಬಯಲಾಟದ ಗದ್ದೆಯಲ್ಲಿ ಹೀಗೆ ಇರುವುದಿಲ್ಲ. ರಂಗಸ್ಥಳಕ್ಕೆ ಒಂದು ಲೈನ್, ವೇಷ ಕಟ್ಟುವ ಚೌಕಿಗೆ ಒಂದು, ಮೈಕಿನವರಿಗೆ ಒಂದು, ದಾರಿಯುದ್ದಕ್ಕೆ ಟ್ಯೂಬು, ಚರುಂಬುರಿ ಅಂಗಡಿಗೆ ಇನ್ನೊಂದು. ಎಲ್ಲ ಸೇರಿ ನೂರಾರು ಮೀಟರ್ ವೈರ್ ಹುಲ್ಲಿನ ಮೇಲೆ ಬಿದ್ದಿರುತ್ತದೆ. ಅದರಲ್ಲಿ ಎಷ್ಟೋ ಜಾಯಿಂಟ್. ಮಧ್ಯರಾತ್ರಿ ಕಳೆದರೆ ಇಬ್ಬನಿ ಬೀಳುತ್ತದೆ. ಯಾವುದೋ ಒಂದು ಜಾಯಿಂಟಿನ ಒಂದು ಎಳೆ ಒದ್ದೆ ಮಣ್ಣಿಗೆ ತಾಗಿತು ಎಂದುಕೊಳ್ಳಿ. ಏನೂ ಆಗುವುದಿಲ್ಲ. ಫ್ಯೂಸ್ ಹೋಗುವುದಿಲ್ಲ, ದೀಪ ಮಂಕಾಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ ಕ್ಷಣದಿಂದ ನಿಮ್ಮ ಜನರೇಟರ್ ತೇಲುತ್ತಿಲ್ಲ. ಅದಕ್ಕೆ ಮಣ್ಣಿನಿಂದ ಒಂದು ದಾರಿ ಸಿಕ್ಕಿಬಿಟ್ಟಿದೆ. ಇನ್ನು ಬೇರೆ ಯಾವುದೋ ಲೈಟ್ ಸ್ಟ್ಯಾಂಡಿನಲ್ಲಿ ಇನ್ನೊಂದು ಎಳೆಯ ಇನ್ಸುಲೇಶನ್ ಸವೆದು ಬಾಡಿಗೆ ತಾಗಿದ್ದರೆ, ಆ ಸ್ಟ್ಯಾಂಡ್ ಹಿಡಿದವನಿಗೆ ಪೂರ್ತಿ 230 ವೋಲ್ಟ್ ಸಿಗುತ್ತದೆ. ಸಂಜೆಯಿಂದ ಹತ್ತು ಜನ ಮುಟ್ಟಿ ಏನೂ ಆಗದ ಅದೇ ಸ್ಟ್ಯಾಂಡ್.

ನಮ್ಮ ಊರಿನ ಸ್ಥಿತಿಯನ್ನೂ ಇದಕ್ಕೆ ಸೇರಿಸಿ. ದೈವಸ್ಥಾನದ ಅಂಗಳದಲ್ಲಿ ಎಲ್ಲರೂ ಬರಿಗಾಲಲ್ಲಿ ಇರುತ್ತಾರೆ. ವೇಷಧಾರಿ ಬೆವರಿನಲ್ಲಿ ನೆನೆದಿರುತ್ತಾನೆ. ಒದ್ದೆ ಚರ್ಮದ ಮನುಷ್ಯನ ದೇಹ ಕರೆಂಟಿಗೆ ಒಡ್ಡುವ ತಡೆ ಸುಮಾರು 1000 ಓಮ್ ಎಂದು ಲೆಕ್ಕ ಇಡುತ್ತಾರೆ. 230 ವೋಲ್ಟನ್ನು 1000ದಿಂದ ಭಾಗಿಸಿದರೆ 230 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಹಿಡಿದ ಕೈಯನ್ನು ಬಿಡಲು ಆಗುವುದಿಲ್ಲ, ಸ್ನಾಯು ಬಿಗಿಯುತ್ತದೆ. ಅದಕ್ಕಿಂತ ಜಾಸ್ತಿ ಕರೆಂಟ್ ಎದೆಯ ಮೂಲಕ ಹರಿದರೆ ಹೃದಯ ತಾಳ ತಪ್ಪಿ ಸುಮ್ಮನೆ ನಡುಗಲು ಶುರುಮಾಡುತ್ತದೆ. ಇದಕ್ಕೆ ನಿಮಿಷಗಳು ಬೇಡ, ಒಂದು ಸೆಕೆಂಡ್ ಸಾಕು.

ಹಾಗಾದರೆ ಸರಳು ಹೊಡೆದರೆ ಆಯಿತಲ್ಲ ಎನ್ನುತ್ತೀರಿ. ಆ ಲೆಕ್ಕವನ್ನೂ ಮಾಡಿಯೇ ನೋಡೋಣ. ಗುಡ್ಡದ ಮೇಲಿನ ನಮ್ಮ ನೆಲ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಮಳೆಗಾಲದಲ್ಲಿ ನೀರು ಇಳಿದುಹೋಗುತ್ತದೆ, ಬೇಸಿಗೆಯ ಕುಂಭ ಮೀನ ತಿಂಗಳಿಗೆ ಒಣಗಿ ಕಲ್ಲೇ ಆಗಿರುತ್ತದೆ. ಆಟಗಳು ಜಾಸ್ತಿ ನಡೆಯುವುದೂ ಆಗಲೇ. ಅಂಥ ನೆಲದಲ್ಲಿ ಎರಡೂವರೆ ಮೀಟರಿನ ಒಂದು ಸರಳನ್ನು ಪೂರ್ತಿ ಇಳಿಸಿದರೂ 300, 400 ಓಮ್ ಬಂದರೆ ಆಶ್ಚರ್ಯ ಇಲ್ಲ. ಒಂದಡಿ ಹೊಡೆದ ಸರಳಿನ ಮಾತೇ ಬೇಡ. ಈಗ ಜನರೇಟರ್ ಹತ್ತಿರ ನ್ಯೂಟ್ರಲಿಗೆ ಒಂದು ಸರಳು, ಅತ್ತ ಲೈಟಿನ ಕಬ್ಬಿಣದ ಕಂಬದ ಬುಡದಲ್ಲಿ ಇನ್ನೊಂದು ಸರಳು ಎಂದಿಟ್ಟುಕೊಳ್ಳಿ. ಎರಡೂ 400 ಓಮ್. ಕಂಬಕ್ಕೆ ಫೇಸ್ ತಾಗಿತು. ಹರಿಯುವ ಕರೆಂಟ್ ಎಷ್ಟು? 230ನ್ನು 800ರಿಂದ ಭಾಗಿಸಿ. 0.29 ಆಂಪಿಯರ್. ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ 16 ಆಂಪಿಯರಿನ ಎಂಸಿಬಿ ಸ್ವಿಚ್ಚಿಗೆ ಅದು ಒಂದು ಸಣ್ಣ ಬಲ್ಬ್ ಹಾಕಿದಷ್ಟೇ. ಬೆಳಗಿನ ತನಕ ಅದು ಟ್ರಿಪ್ ಆಗುವುದಿಲ್ಲ. ಕಂಬದ ಮೈಯಲ್ಲಿ ಸುಮಾರು 115 ವೋಲ್ಟ್ ನಿಂತೇ ಇರುತ್ತದೆ. ಸರಳು ಹೊಡೆದವನು ಸಮಾಧಾನದಿಂದ ಮಲಗಿರುತ್ತಾನೆ.

ಈಗ ಸರಳುಗಳನ್ನು ಬಿಡಿ. ಲೈಟ್ ಕಂಬದ ಮೈಯಿಂದ ಒಂದು ಹಸಿರು ವೈರ್, ಅಂದರೆ ಅರ್ತ್ ವೈರ್, ಫೇಸ್ ನ್ಯೂಟ್ರಲ್ ಜೊತೆಯಲ್ಲೇ ಅದೇ ಕೇಬಲಿನಲ್ಲಿ ಜನರೇಟರ್ ಬಾಡಿಯ ತನಕ ಬರಲಿ. ಜನರೇಟರ್ ಹತ್ತಿರ ಬಾಡಿಯನ್ನೂ ನ್ಯೂಟ್ರಲನ್ನೂ ಒಂದೇ ಕಡೆ ಜೋಡಿಸಿ. 2.5 ಚದರ ಮಿಲಿಮೀಟರಿನ ತಾಮ್ರದ ವೈರ್ 100 ಮೀಟರಿಗೆ ಮುಕ್ಕಾಲು ಓಮ್. ಹೋಗಿ ಬರುವ ದಾರಿ ಒಂದೂವರೆ ಓಮ್. ಮಣ್ಣಿನ 800 ಓಮ್ ಎಲ್ಲಿ, ಇದು ಎಲ್ಲಿ? ಕಂಬಕ್ಕೆ ಫೇಸ್ ತಾಗಿದ ಕೂಡಲೇ ಕರೆಂಟ್ ತಾಮ್ರದಲ್ಲೇ ಮನೆಗೆ ಓಡುತ್ತದೆ. ನಾನು ಇವತ್ತು ಹೇಳಲು ಬಂದದ್ದು ಇದೇ. ಹಸಿರು ವೈರ್ ಹತ್ತಿರದ ಮಣ್ಣಿಗೆ ಹೋದರೆ ಸಾಲದು. ಅದು ಜನರೇಟರ್ ತನಕ ಬರಬೇಕು.

ಆದರೆ ಅಲ್ಲಿಗೇ ನಿಲ್ಲಿಸುವ ಹಾಗಿಲ್ಲ. ಸಣ್ಣ ಜನರೇಟರಿಗೆ ಶಕ್ತಿ ಕಡಿಮೆ. 2 ಕೆವಿಎ ಎಂದರೆ ಪೂರ್ತಿ ಲೋಡಿನಲ್ಲಿ 8.7 ಆಂಪಿಯರ್. ಸಿ ಕರ್ವ್ ಎಂಬ ಮಾದರಿಯ 16 ಆಂಪಿಯರ್ ಎಂಸಿಬಿ ಕೂಡಲೇ ಬೀಳಬೇಕಾದರೆ 80ರಿಂದ 160 ಆಂಪಿಯರ್ ಬೇಕು. ಶಾರ್ಟ್ ಆದಾಗಲೂ ಈ ಪುಟ್ಟ ಮೆಷಿನ್ ಅಷ್ಟು ಕೊಡುವುದಿಲ್ಲ. ವೋಲ್ಟೇಜ್ ಕುಸಿದು ಗೊರಗೊರ ಎನ್ನುತ್ತದೆ, ಅಷ್ಟೇ. ಹಾಗಾಗಿ ಜನರೇಟರಿನಲ್ಲಿ ಎಂಸಿಬಿ ವೈರನ್ನು ಕಾಯಬಹುದು, ಮನುಷ್ಯನನ್ನು ಕಾಯುವುದಿಲ್ಲ. ಮನುಷ್ಯನಿಗೆ ಬೇಕಾದದ್ದು ಆರ್‌ಸಿಸಿಬಿ. 30 ಮಿಲಿಆಂಪಿಯರಿನದ್ದು. 100, 300 ಎಂದು ಬರೆದದ್ದು ಅಂಗಡಿಯಲ್ಲಿ ಸಿಗುತ್ತದೆ. ಅದು ಬೆಂಕಿ ತಡೆಯಲು ಇರುವುದು. ಬಯಲಿಗೆ 30ರದ್ದೇ ಬೇಕು.

ಆರ್‌ಸಿಸಿಬಿ ಮಾಡುವ ಕೆಲಸ ಸರಳ. ಹೋದ ಕರೆಂಟ್ ಎಷ್ಟು, ಬಂದದ್ದು ಎಷ್ಟು ಎಂದು ತಾಳೆ ನೋಡುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವ ಹೊತ್ತಿಗೆ ಕಡಿದುಹಾಕುತ್ತದೆ. ದೊಡ್ಡ ಲೀಕ್ ಆದರೆ ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲಿನೊಳಗೆ ಕೆಲಸ ಮುಗಿದಿರುತ್ತದೆ. ಇದು ಇದ್ದರೆ ನಮ್ಮ ಕೆಟ್ಟ ನೆಲದ ಚಿಂತೆಯೂ ಕಡಿಮೆಯಾಗುತ್ತದೆ. ಬಾಡಿಯಲ್ಲಿ 50 ವೋಲ್ಟಿಗಿಂತ ಜಾಸ್ತಿ ನಿಲ್ಲಬಾರದು ಎಂಬುದು ಸಾಮಾನ್ಯ ಮಿತಿ. 50ನ್ನು 0.03ರಿಂದ ಭಾಗಿಸಿದರೆ 1667 ಓಮ್. ಅಂದರೆ ಸರಳು 400 ಓಮ್ ಇದ್ದರೂ ಆರ್‌ಸಿಸಿಬಿ ಆರಾಮವಾಗಿ ಟ್ರಿಪ್ ಆಗುತ್ತದೆ. ಮುರಕಲ್ಲಿನ ನೆಲದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಈಗ ಹೇಳುವುದನ್ನು ಎಲೆಕ್ಟ್ರಿಷಿಯನ್‌ಗಳು ದಯವಿಟ್ಟು ಗಮನ ಇಟ್ಟು ಕೇಳಿ. ತೇಲುವ ನ್ಯೂಟ್ರಲಿನ ಜನರೇಟರಿಗೆ ಆರ್‌ಸಿಸಿಬಿ ಹಾಕಿದರೆ ಅದು ಕುರುಡು. ಆಗಲೇ ಹೇಳಿದ ಒದ್ದೆ ಜಾಯಿಂಟ್ ನೆನಪಿಸಿಕೊಳ್ಳಿ. ಕರೆಂಟ್ ಮನುಷ್ಯನ ಮೂಲಕ ಮಣ್ಣಿಗೆ ಹೋಯಿತು, ಒದ್ದೆ ಜಾಯಿಂಟಿನಿಂದ ವೈರಿಗೆ ಹತ್ತಿತು, ಅದೇ ವೈರಿನಲ್ಲಿ ಆರ್‌ಸಿಸಿಬಿಯ ಮೂಲಕ ವಾಪಸ್ ಬಂತು. ಹೋದದ್ದೂ ಬಂದದ್ದೂ ಸಮ. ಅದರ ಲೆಕ್ಕಕ್ಕೆ ಎಲ್ಲ ಸರಿ ಇದೆ. ಮನುಷ್ಯ ಮಾತ್ರ ಅಲ್ಲಿ ಬಿದ್ದಿದ್ದಾನೆ. ಇನ್ನೂ ಕೆಟ್ಟದ್ದು ಏನೆಂದರೆ ಟೆಸ್ಟ್ ಬಟನ್ ಒತ್ತಿದರೆ ಟಕ್ ಎಂದು ಬೀಳುತ್ತದೆ. ಯಾಕೆಂದರೆ ಆ ಬಟನ್ ಮಣ್ಣನ್ನು ಬಳಸುವುದೇ ಇಲ್ಲ. ಒಳಗೇ ಒಂದು ರೆಸಿಸ್ಟರಿನ ಮೂಲಕ ಎರಡು ವೈರುಗಳ ನಡುವೆ ಸ್ವಲ್ಪ ಕರೆಂಟ್ ಹರಿಸುತ್ತದೆ. ಆರ್‌ಸಿಸಿಬಿ ಜೀವಂತ ಇದೆ ಎಂದು ಅದು ಹೇಳುತ್ತದೆ. ನಿಮ್ಮ ಅರ್ತಿಂಗ್ ಸರಿ ಇದೆ ಎಂದು ಅದು ಹೇಳುವುದಿಲ್ಲ.

ಆದ್ದರಿಂದ ಕ್ರಮ ಹೀಗೆ. ಜನರೇಟರಿನಿಂದ ಹೊರಬಂದ ಕೂಡಲೇ, ಆರ್‌ಸಿಸಿಬಿಗೆ ಮೊದಲು, ನ್ಯೂಟ್ರಲನ್ನು ಬಾಡಿಗೆ ಜೋಡಿಸಬೇಕು. ಬಾಡಿಯನ್ನು ಸರಳಿಗೆ ಜೋಡಿಸಬೇಕು. ಆಮೇಲೆ ಆರ್‌ಸಿಸಿಬಿ. ಅದರ ನಂತರ ನ್ಯೂಟ್ರಲ್ ಮತ್ತೆ ಎಲ್ಲಿಯೂ ಹಸಿರು ವೈರಿಗೆ ತಾಗಬಾರದು. ತಾಗಿದರೆ ಕರೆಂಟ್ ಎರಡು ದಾರಿಯಲ್ಲಿ ಹಂಚಿಹೋಗಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ಆಗ ಕೆಲವರು ಏನು ಮಾಡುತ್ತಾರೆ ಗೊತ್ತಲ್ಲ? ಇದು ಸುಮ್ನೆ ಟ್ರಿಪ್ ಆಗುತ್ತದೆ ಎಂದು ಬೈಪಾಸ್ ಮಾಡಿಬಿಡುತ್ತಾರೆ. ಅದು ಸುಮ್ನೆ ಬಿದ್ದದ್ದಲ್ಲ, ನಿಮ್ಮ ವೈರಿಂಗಿನ ತಪ್ಪನ್ನು ತೋರಿಸಿದ್ದು.

ಆರ್‌ಸಿಸಿಬಿ ಪದೇ ಪದೇ ಬೀಳಲು ಒಂದು ಕಾರಣ ಮಾತ್ರ ಬೇರೆ ಇದೆ. ಈಗಿನ ಎಲ್‌ಇಡಿ ಫ್ಲಡ್‌ಲೈಟುಗಳ ಡ್ರೈವರಿನಲ್ಲಿ ಫಿಲ್ಟರ್ ಕೆಪಾಸಿಟರ್ ಇರುತ್ತದೆ. ಒಂದೊಂದೂ ಹಸಿರು ವೈರಿಗೆ ಸ್ವಲ್ಪ ಸ್ವಲ್ಪ ಲೀಕ್ ಮಾಡುತ್ತದೆ. ಮೂವತ್ತು, ನಲವತ್ತು ಲೈಟ್ ಒಂದೇ ಆರ್‌ಸಿಸಿಬಿಯ ಮೇಲೆ ಹಾಕಿದರೆ ಎಲ್ಲ ಸೇರಿ ಮಿತಿ ಮುಟ್ಟಬಹುದು. 30ರದ್ದು 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಇದಕ್ಕೆ ಮದ್ದು ಹಂಚುವುದು. ರಂಗಸ್ಥಳಕ್ಕೆ ಒಂದು ಆರ್‌ಸಿಸಿಬಿ, ಚೌಕಿಗೆ ಒಂದು, ಹೊರಗಿನ ಲೈಟಿಗೆ ಒಂದು. ಆಗ ಒಂದು ಕಡೆ ಬಿದ್ದರೂ ಇನ್ನೊಂದು ಕಡೆ ಬೆಳಕು ಇರುತ್ತದೆ. ನಡುರಾತ್ರಿ ತುಂಬಿದ ಸಭೆಯಲ್ಲಿ ಪೂರ್ತಿ ಕತ್ತಲೆ ಆಗುವುದೂ ಅಪಾಯವೇ.

ಇನ್ನೊಂದು ಎಚ್ಚರಿಕೆ. ಇನ್ವರ್ಟರ್ ಮಾದರಿಯ ಸಣ್ಣ, ಸದ್ದಿಲ್ಲದ ಜನರೇಟರ್‌ಗಳು ಈಗ ಬಂದಿವೆ. ಅವುಗಳ ನ್ಯೂಟ್ರಲನ್ನು ಬಾಡಿಗೆ ಜೋಡಿಸುವ ಮೊದಲು ಅದರ ಪುಸ್ತಕ ಓದಿ. ಕೆಲವಕ್ಕೆ ಆಗುತ್ತದೆ, ಕೆಲವಕ್ಕೆ ತಯಾರಕರೇ ಬೇಡ ಎಂದಿರುತ್ತಾರೆ. ಬೇಡ ಎಂದಿದ್ದರೆ ಅದನ್ನು ಒಂದೇ ಉಪಕರಣಕ್ಕೆ ಇಟ್ಟುಕೊಳ್ಳಿ, ಇಡೀ ಗದ್ದೆಗೆ ಎಳೆಯಬೇಡಿ.

ಸರಳಿನ ವಿಷಯ ಬೇಗ ಮುಗಿಸುತ್ತೇನೆ. ಭಾರತೀಯ ಮಾನಕ ಐಎಸ್ 3043 ಅರ್ತಿಂಗ್ ಬಗ್ಗೆಯೇ ಇರುವಂಥದ್ದು. ಉಕ್ಕಿನ ಸರಳಾದರೆ 16 ಮಿಲಿಮೀಟರ್ ದಪ್ಪ ಇರಲಿ, ಎರಡೂವರೆ ಮೀಟರ್ ಇಳಿಯಲಿ. ಕಲ್ಲು ಸಿಕ್ಕಿ ಇಳಿಯದಿದ್ದರೆ ಎರಡು ಮೂರು ಸರಳು ಹೊಡೆದು ಒಟ್ಟಿಗೆ ಜೋಡಿಸಿ. ಹತ್ತಿರ ಹತ್ತಿರ ಹೊಡೆದರೆ ಪ್ರಯೋಜನ ಇಲ್ಲ. ಸರಳಿನ ಉದ್ದದ ಎರಡರಷ್ಟು ದೂರ ಬಿಡಿ. ಗುಡ್ಡದ ಮುರಕಲ್ಲಿಗಿಂತ ತೋಟದ ಬದಿ, ಗದ್ದೆಯ ಹುಣಿ, ತೋಡಿನ ಪಕ್ಕದ ತಂಪು ಮಣ್ಣು ಒಳ್ಳೆಯದು. ಅಲ್ಲಿಗೆ ವೈರ್ ಎಳೆಯಲು ಇಪ್ಪತ್ತು ಮೀಟರ್ ಜಾಸ್ತಿ ಆದರೂ ಪರವಾಗಿಲ್ಲ. ಜನರೇಟರ್ ಬಾಡಿಯಲ್ಲಿ ಅರ್ತ್ ಬೋಲ್ಟ್ ಇರುತ್ತದೆ. ಪೇಂಟ್ ಕೆರೆದು, ಲಗ್ ಹಾಕಿ, ವಾಶರ್ ಇಟ್ಟು ಬಿಗಿಯಿರಿ. ತುಕ್ಕಿನ ಮೇಲೆ ವೈರ್ ಸುತ್ತಿದರೆ ಅದು ಅಲಂಕಾರ ಅಷ್ಟೇ.

ಲಾರಿಯ ಮೇಲೆ ಬರುವ ದೊಡ್ಡ ಮೂರು ಫೇಸಿನ ಬಾಡಿಗೆ ಜನರೇಟರ್‌ಗಳಿಗೆ ನಿಯಮ ಇನ್ನೂ ಬಿಗಿ. ನ್ಯೂಟ್ರಲಿಗೆ ಎರಡು ಬೇರೆ ಬೇರೆ ಅರ್ತ್, ಜನರೇಟರಿನ ಮೈಗೆ ಎರಡು ಬೇರೆ ಅರ್ತ್. ಲಾರಿ ರಬ್ಬರ್ ಟೈರಿನ ಮೇಲೆ ನಿಂತಿರುತ್ತದೆ ಎನ್ನುವುದನ್ನು ಮರೆಯಬೇಡಿ. ಅಂಥದ್ದರಲ್ಲಿ ಶುರುಮಾಡುವ ಮೊದಲು ನ್ಯೂಟ್ರಲ್ ಬೋಲ್ಟ್ ಕೈಯಾರೆ ಬಿಗಿದು ನೋಡಿ. ಎಂಜಿನ್ ನಡುಗಿ ನಡುಗಿ ಅದು ಸಡಿಲವಾಗುತ್ತದೆ. ನ್ಯೂಟ್ರಲ್ ಕಳಚಿದರೆ ಕಡಿಮೆ ಲೋಡ್ ಇರುವ ಫೇಸಿನಲ್ಲಿ ವೋಲ್ಟೇಜ್ 400ರ ಹತ್ತಿರ ಏರುತ್ತದೆ. ಆಂಪ್ಲಿಫಯರ್, ಲೈಟು ಎಲ್ಲ ಒಂದೇ ಸಲ ಸುಟ್ಟುಹೋಗುತ್ತವೆ.

ಮೈಕಿನವರಿಗೆ ಒಂದು ಮಾತು. ಇದನ್ನು ಹೇಳದೆ ನಾನು ಇಲ್ಲಿಂದ ಹೋಗುವವನಲ್ಲ. ಹಮ್, ಅಂದರೆ ಗುಂಯ್ ಎನ್ನುವ ಸದ್ದು ಬರುತ್ತದೆ ಎಂದು ಆಂಪ್ಲಿಫಯರ್ ಪ್ಲಗ್ಗಿನ ದೊಡ್ಡ ಪಿನ್ ಕತ್ತರಿಸಿ ತೆಗೆಯುತ್ತೀರಲ್ಲ, ಅದನ್ನು ಇವತ್ತಿಗೇ ಬಿಡಿ. ಭಾಗವತರು ಕಬ್ಬಿಣದ ಜಾಲರಿಯ ಮೈಕಿಗೆ ತುಟಿ ತಾಗಿಸಿಕೊಂಡು ಇಡೀ ರಾತ್ರಿ ಹಾಡುತ್ತಾರೆ. ಮೈಕಿನ ಮೈ ಕೇಬಲಿನ ಶೀಲ್ಡ್ ಮೂಲಕ ಆಂಪ್ಲಿಫಯರಿನ ಚಾಸಿಸ್‌ಗೆ ಸೇರಿರುತ್ತದೆ. ಅರ್ತ್ ಇಲ್ಲದ ಆಂಪ್ಲಿಫಯರಿನ ಒಳಗೆ ಟ್ರಾನ್ಸ್‌ಫಾರ್ಮರ್ ಇನ್ಸುಲೇಶನ್ ಹೋದರೆ ಆ ಕರೆಂಟ್ ಸೀದಾ ಬರುವುದು ಅವರ ತುಟಿಗೆ. ಹಮ್ ಹೋಗಲು ಬೇರೆ ದಾರಿಗಳಿವೆ. ಮಿಕ್ಸರ್, ಆಂಪ್ಲಿಫಯರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಬ್ಯಾಲೆನ್ಸ್‌ಡ್ ಕೇಬಲ್ ಬಳಸಿ. ಸಿಗ್ನಲ್ ಲೈನಿನಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲವೇ ಡಿಐ ಬಾಕ್ಸ್ ಹಾಕಿ. ಕತ್ತರಿಸುವುದಿದ್ದರೆ ಸಿಗ್ನಲಿನ ಶೀಲ್ಡನ್ನು ಡಿಐ ಬಾಕ್ಸಿನ ಸ್ವಿಚ್ಚಿನಲ್ಲಿ ಕತ್ತರಿಸಿ. ಪವರ್ ಪ್ಲಗ್ಗಿನ ಅರ್ತ್ ಮುಟ್ಟಬೇಡಿ.

ಕೇಬಲ್ ಬಗ್ಗೆ. ನಮ್ಮಲ್ಲಿ ಶಾಮಿಯಾನದವರ ಹತ್ತಿರ ಇರುವುದು ಹೆಚ್ಚಾಗಿ ಎರಡು ಕೋರಿನ ವೈರ್. ಅದರಲ್ಲಿ ಹಸಿರು ಎಳೆಯೇ ಇಲ್ಲ. ಹಾಗಾದರೆ ಜನರೇಟರ್ ತನಕ ಏನು ಬರುತ್ತದೆ? ದುಡ್ಡು ಹಾಕುವುದಿದ್ದರೆ ಮೊದಲು ಇಲ್ಲಿ ಹಾಕಿ. ಮೂರು ಕೋರಿನ, ದಪ್ಪ ಹೊದಿಕೆಯ ಫ್ಲೆಕ್ಸಿಬಲ್ ಕೇಬಲ್. ದೂರಕ್ಕೆ 2.5 ಚದರ ಮಿಲಿಮೀಟರ್. 100 ಮೀಟರಿಗೆ 10 ಆಂಪಿಯರ್ ಎಳೆದರೆ 2.5ರಲ್ಲಿ 15 ವೋಲ್ಟ್ ಬೀಳುತ್ತದೆ, 1.5ರಲ್ಲಿ 24 ವೋಲ್ಟ್. ಡ್ರಮ್ಮಿನಲ್ಲಿ ಸುತ್ತಿದ ಕೇಬಲನ್ನು ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿದ್ದಲ್ಲೇ ಬಿಟ್ಟರೆ ಬಿಸಿ ಹೊರಗೆ ಹೋಗದೆ ಇನ್ಸುಲೇಶನ್ ಕರಗುತ್ತದೆ. ಜಾಯಿಂಟಿಗೆ ಪ್ಲಾಸ್ಟಿಕ್ ತೊಟ್ಟೆ ಕಟ್ಟುವ ಅಭ್ಯಾಸ ಬಿಡಿ. ನೀರು ಒಳಗೆ ಹೋಗಲು ಅದು ತಡೆಯಲ್ಲ, ಹೋದ ನೀರು ಹೊರಗೆ ಬರಲು ತಡೆ. ಮಳೆ ತಡೆಯುವ ಇಂಡಸ್ಟ್ರಿಯಲ್ ಪ್ಲಗ್, ಸಾಕೆಟ್ ಸಿಗುತ್ತವೆ. ಜಾಯಿಂಟನ್ನು ನೆಲದಿಂದ ಎತ್ತಿ ಕಟ್ಟಿ. ಜನ ನಡೆಯುವಲ್ಲಿ ವೈರ್ ತಲೆಯ ಮೇಲಿಂದ ಹೋಗಲಿ. ಅಲಂಕಾರದ ಸೀರಿಯಲ್ ಬಲ್ಬುಗಳ ತೆಳು ವೈರನ್ನು ಕಬ್ಬಿಣದ ಬೇಲಿಗೂ ಗೇಟಿಗೂ ಸುತ್ತಬೇಡಿ. ಮಕ್ಕಳು ಹಿಡಿದು ನಿಲ್ಲುವುದು ಅಲ್ಲೇ.

ಒಬ್ಬರು ತೋಟದ ಬಗ್ಗೆ ಕೇಳಿದರು. ಒಳ್ಳೆಯ ಪ್ರಶ್ನೆ. ಕರೆಂಟ್ ಲೈನ್ ಇಲ್ಲದ ಗುಡ್ಡದ ತೋಟದಲ್ಲಿ ಜನರೇಟರ್ ಇಟ್ಟು ಮೋಟಾರಿನ ಸ್ಪ್ರೇಯರಿನಿಂದ ಅಡಿಕೆಗೆ ಮದ್ದು ಬಿಡುತ್ತಾರೆ. ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಅದು ಬರೀ ನೀರಿಗಿಂತ ಚೆನ್ನಾಗಿ ಕರೆಂಟ್ ಹಾಯಿಸುತ್ತದೆ. ಕೆಲಸ ಮಾಡುವವರು ತಲೆಯಿಂದ ಕಾಲಿನ ತನಕ ಅದರಲ್ಲೇ ನೆನೆದಿರುತ್ತಾರೆ. ಮೋಟಾರಿಗೆ ಮೂರು ಕೋರಿನ ವೈರ್, ಆರ್‌ಸಿಸಿಬಿ ಇಲ್ಲದೆ ಅಲ್ಲಿ ಸ್ವಿಚ್ ಹಾಕಬೇಡಿ. ಕೆರೆಗೆ ಪಂಪ್ ಇಟ್ಟಿದ್ದರೆ ಅದು ಓಡುವಾಗ ಯಾರೂ ನೀರಿಗೆ ಇಳಿಯಬಾರದು. ತೋಟದ ಮಾತು ಬಂದದ್ದಕ್ಕೆ ಇದೂ ಹೇಳಿಬಿಡುತ್ತೇನೆ. ಅಡಿಕೆ ಕೊಯ್ಯುವ ಉದ್ದ ಕೋಲು, ಅಂದರೆ ದೋಟಿ, ಈಗ ಹಗುರದ ಕಾರ್ಬನ್ ಫೈಬರಿನದ್ದು ಬಂದಿದೆ. ಅದು ಕಬ್ಬಿಣ ಅಲ್ಲ, ಹಾಗಾಗಿ ಶಾಕ್ ಹೊಡೆಯುವುದಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಕಾರ್ಬನ್ ಫೈಬರ್ ಕರೆಂಟ್ ಹಾಯಿಸುತ್ತದೆ. ಅಲ್ಯೂಮಿನಿಯಂ ದೋಟಿಯಷ್ಟೇ ಎಚ್ಚರಿಕೆ ಅದಕ್ಕೂ ಬೇಕು. ತೋಟದ ಮೇಲೆ 11 ಕೆವಿ ಲೈನ್ ಹೋಗುವಲ್ಲಿ ಎರಡನ್ನೂ ಎತ್ತಬೇಡಿ.

ಇನ್ನು ಮನೆಗೆ ಕೊಡುವ ಜನರೇಟರ್. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಾಗ ಕೆಲವರು ಎರಡೂ ತುದಿಗೆ ಪ್ಲಗ್ ಹಾಕಿದ ವೈರಿನಲ್ಲಿ ಜನರೇಟರನ್ನು ಮನೆಯ ಸಾಕೆಟ್ಟಿಗೆ ಚುಚ್ಚುತ್ತಾರೆ. ಮೈನ್ ಆಫ್ ಮಾಡಲು ಮರೆತರೆ ಆ 230 ವೋಲ್ಟ್ ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿಗೆ ಹಿಂದೆ ಮುಂದೆ ಎಂಬ ಭೇದ ಇಲ್ಲ. ಅದು 230ನ್ನು ಸಾವಿರಾರು ವೋಲ್ಟ್ ಮಾಡಿ 11 ಕೆವಿ ಲೈನಿಗೆ ಏರಿಸುತ್ತದೆ. ಆ ಲೈನಿನಲ್ಲಿ, ಮಳೆಯಲ್ಲಿ, ನಿಮ್ಮ ಮನೆಗೆ ಕರೆಂಟ್ ಕೊಡಬೇಕೆಂದೇ ಒಬ್ಬ ಲೈನ್‌ಮ್ಯಾನ್ ಕಂಬ ಹತ್ತಿರುತ್ತಾನೆ. ಅವನಿಗೂ ಮನೆಯಲ್ಲಿ ಕಾಯುವವರಿದ್ದಾರೆ. ಇನ್ನು ನಿಮ್ಮ ಜನರೇಟರ್ ಓಡುತ್ತಿರುವಾಗಲೇ ಕೆಎಸ್‌ಇಬಿ ಕರೆಂಟ್ ಬಂದರೆ ಜನರೇಟರ್ ಸುಟ್ಟುಹೋಗುತ್ತದೆ, ಬೆಂಕಿಯೂ ಹತ್ತಬಹುದು. ಎರಡು ಗಂಡು ಪ್ಲಗ್ಗಿನ ವೈರ್ ಯಾರ ಮನೆಯಲ್ಲೂ ಇರಬಾರದು. ಕಂಡಲ್ಲಿ ಕತ್ತರಿಸಿ. ಯಾರಾದರೂ ಮಾಡಿಕೊಡಿ ಎಂದರೆ ಆಗುವುದಿಲ್ಲ ಎನ್ನಿ.

ಮನೆಗೆ ಬೇಕಾದದ್ದು ಕೆಎಸ್‌ಇಬಿ, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಚೇಂಜ್ ಓವರ್ ಸ್ವಿಚ್. ಅದು ಫೇಸನ್ನೂ ನ್ಯೂಟ್ರಲನ್ನೂ ಎರಡನ್ನೂ ಬದಲಾಯಿಸಬೇಕು. ಮೂರು ಫೇಸಾದರೆ ನಾಲ್ಕು ಪೋಲ್. ಒಂದು ಕಡೆ ಪೂರ್ತಿ ಬಿಟ್ಟ ಮೇಲೆಯೇ ಇನ್ನೊಂದು ಕಡೆ ಹಿಡಿಯಬೇಕು, ನಡುವೆ ಆಫ್ ಇರಬೇಕು. ನ್ಯೂಟ್ರಲ್ ಎರಡಕ್ಕೂ ಒಂದೇ ಇರಲಿ ಎಂದು ಬಿಟ್ಟರೆ ಆರ್‌ಸಿಸಿಬಿ ಗೊಂದಲಕ್ಕೆ ಬೀಳುತ್ತದೆ. ಸತ್ತ ಲೈನಿನ ನ್ಯೂಟ್ರಲಿನಲ್ಲೂ ಕರೆಂಟ್ ಇಣುಕುತ್ತದೆ.

ಹೊಗೆಯ ಬಗ್ಗೆ ಎರಡು ಮಾತು. ಭಾಗವತಿಕೆಗೆ ಸದ್ದು ಅಡ್ಡ ಬರುತ್ತದೆ ಎಂದು ಜನರೇಟರನ್ನು ಚೌಕಿಯ ಹಿಂದೆ ಮಡಲಿನ ತಟ್ಟಿಯ ಒಳಗೆ ಇಡುತ್ತಾರೆ. ಚೌಕಿಯಲ್ಲಿ ಬಣ್ಣ ಹಚ್ಚಿ ಮಲಗಿದವರಿರುತ್ತಾರೆ. ಹೊಗೆಯಲ್ಲಿರುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳದೇ ಇರಬಹುದು. ಗಾಳಿ ಬೀಸುವ ದಿಕ್ಕು ನೋಡಿ, ತೆರೆದ ಜಾಗದಲ್ಲಿ, ದೂರ ಇಡಿ. ಕೇಬಲ್ ಸ್ವಲ್ಪ ಜಾಸ್ತಿ ಬೇಕಾದೀತು, ಬೇಕಾಗಲಿ. ಪೆಟ್ರೋಲ್ ತುಂಬುವಾಗ ಎಂಜಿನ್ ನಿಂತಿರಬೇಕು, ತಣ್ಣಗಾಗಿರಬೇಕು.

ಆಟ ಶುರುವಾಗುವ ಮೊದಲು ಎರಡು ಪರೀಕ್ಷೆ ಮಾಡಿ. ಜನರೇಟರ್ ಆಫ್ ಇರುವಾಗ, ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು, ದೂರದ ಲೈಟ್ ಕಂಬದ ಮೈಯಿಂದ ಜನರೇಟರ್ ಬಾಡಿಯ ತನಕ ಅಳೆಯಿರಿ. ಬಿಡಿ ವೈರ್ ಒಂದನ್ನು ಜೊತೆಗೆ ಎಳೆದುಕೊಂಡರೆ ಆಯಿತು, ಅದರ ಓಮ್ ಕಳೆಯಿರಿ. ಸುಮಾರು ಒಂದು ಓಮಿನೊಳಗೆ ಬರಬೇಕು. ಹತ್ತಾರು ಓಮ್ ತೋರಿಸಿದರೆ ಹಸಿರು ವೈರ್ ಎಲ್ಲೋ ತುಂಡಾಗಿ ಮಣ್ಣೇ ದಾರಿಯಾಗಿದೆ ಎಂದರ್ಥ. ಎರಡನೆಯದು ಎಲೆಕ್ಟ್ರಿಷಿಯನ್ ಮಾತ್ರ ಮಾಡಬೇಕಾದದ್ದು. ಜನರೇಟರ್ ಓಡುವಾಗ ಕೊನೆಯ ಸಾಕೆಟ್ಟಿನ ಫೇಸಿಗೂ ಅರ್ತ್ ಪಿನ್ನಿಗೂ ನಡುವೆ, ಮುಚ್ಚಿದ ಟೆಸ್ಟ್ ಹೋಲ್ಡರಿನಲ್ಲಿ 15 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಹಾಕಿ. ಅದು ಸುಮಾರು 65 ಮಿಲಿಆಂಪಿಯರ್ ಎಳೆಯುತ್ತದೆ. ಆರ್‌ಸಿಸಿಬಿ ಕೂಡಲೇ ಬೀಳಬೇಕು. ಬೀಳದಿದ್ದರೆ, ಬಲ್ಬೂ ಹತ್ತದಿದ್ದರೆ, ನಿಮ್ಮ ನ್ಯೂಟ್ರಲ್ ಇನ್ನೂ ತೇಲುತ್ತಿದೆ ಇಲ್ಲವೇ ಹಸಿರು ವೈರ್ ಕಡಿದಿದೆ. ಬಲ್ಬ್ ಉರಿಯುತ್ತಲೇ ಇದ್ದರೆ ಆರ್‌ಸಿಸಿಬಿಯೇ ಕೆಟ್ಟಿದೆ.

ಇಷ್ಟೆಲ್ಲ ಮಾಡಿದ ಮೇಲೂ ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಹಿಡಿದು ಎಳೆಯಬೇಡಿ. ಮೊದಲು ಜನರೇಟರ್ ಬಂದ್. ಆಮೇಲೆ ಮುಟ್ಟಿ. ಉಸಿರು ಇಲ್ಲ, ಕರೆದರೆ ಎಚ್ಚರ ಇಲ್ಲ ಎಂದಾದರೆ ಎದೆಯ ನಡುವೆ ಎರಡೂ ಕೈ ಇಟ್ಟು ಐದು ಸೆಂಟಿಮೀಟರ್ ಒಳಗೆ ಹೋಗುವ ಹಾಗೆ ಒತ್ತಲು ಶುರುಮಾಡಿ. ನಿಮಿಷಕ್ಕೆ 100ರಿಂದ 120 ಸಲ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಆಂಬುಲೆನ್ಸ್ ಬರುವ ತನಕ ಆಳು ಬದಲಿಸಿಕೊಂಡು ಒತ್ತುತ್ತಲೇ ಇರಿ. ಎದ್ದು ಕೂತು ನನಗೇನೂ ಆಗಿಲ್ಲ ಎಂದವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ. ಬಿದ್ದ ಲೈನ್ ಕಂಡರೆ ಹತ್ತಿರ ಹೋಗದೆ ಕೆಎಸ್‌ಇಬಿಯ 1912ಕ್ಕೆ ಹೇಳಿ.

ಇದಕ್ಕೆಲ್ಲ ಜನರೇಟರ್ ಹತ್ತಿರ ಇಡೀ ರಾತ್ರಿ ಎಚ್ಚರವಾಗಿರುವ ಒಬ್ಬರು ಬೇಕು. ಬಂದ್ ಮಾಡುವ ಸ್ವಿಚ್ ಎಲ್ಲಿದೆ ಎಂದು ಅವರಿಗೆ ಕಣ್ಣುಮುಚ್ಚಿಯೂ ಗೊತ್ತಿರಬೇಕು, ಕೈಯಲ್ಲಿ ಒಂದು ಟಾರ್ಚ್ ಇರಬೇಕು. ಆಟ ನೋಡಲು ಅವರು ಎದ್ದು ಹೋಗುವುದಾದರೆ ಅಲ್ಲಿ ಇನ್ನೊಬ್ಬರು ಕೂತ ಮೇಲೆಯೇ ಹೋಗಲಿ. ಅವರ ಹೆಸರನ್ನೂ ಫೋನ್ ನಂಬರನ್ನೂ ಸಂಜೆಯೇ ಮೈಕಿನವರಿಗೆ, ಚೌಕಿಯವರಿಗೆ, ಅಂಗಡಿಯವರಿಗೆ ಬರೆದುಕೊಡಿ.